ನಾಲ್ಕು ಬೆರಳು ಬಟ್ಟೆ

ಅಪ್ಪಾ,

ಅಡುಗೆ ಮಾಡಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ಊಟ ಮಾಡಿ. ನ್ಯೂಸ್ ನೋಡಿದ್ದು ಸಾಕು, ಟಿವಿ ರಿಮೋಟ್ ನನ್ನ ಬ್ಯಾಗಲ್ಲಿದೆ, ಹುಡುಕ್ಬೇಡಿ.

ನಿಮ್ಮ ಟೈಲರ್ ಅಂಗಡಿ ಮುಚ್ಚಿಹೋಗಿದ್ದಕ್ಕೆ ನನಗೂ ಬೇಜಾರಿದೆ. ಹಾಗಂತ ‘ಲೋಕ ಕೆಟ್ಟುಹೋಯ್ತು, ಇನ್ನು ಯಾರಿಗೂ ಉಳಿಗಾಲ ಇಲ್ಲ’ ಅಂತ ದಿನಾ ಮೊಮ್ಮಗಳ ಕಿವಿಗೆ ಊದೋದಾ? ‘ಅಮ್ಮಾ, ನಾನು ದೊಡ್ಡವಳಾಗೋವರೆಗೂ ಬದುಕಿರ್ತೀನಾ’ ಅಂತ ನಿನ್ನೆ ಕೇಳಿದಳು.

ನೀವು ಹೊಲಿದ ಅವಳ ಯೂನಿಫಾರ್ಮಿಗೆ ಬೆಳಗ್ಗೆ ಇಸ್ತ್ರಿ ಹಾಕುವಾಗ ನೋಡಿದೆ. ಲಂಗದ ಅಂಚಲ್ಲಿ, ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡೋಕೆ ಅಂತ, ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿದಿದ್ದೀರ. ಉಳಿಗಾಲ ಇಲ್ಲದವಳಿಗೆ ಅದ್ಯಾಕೆ?

ಸ್ಕೂಲಿಂದ ಬಂದಾಗ ಆ ಮಡಿಕೆ ತೋರಿಸಿ, ಯಾತಕ್ಕೆ ಬಿಟ್ಟಿದ್ದು ಅಂತ ಅವಳಿಗೆ ಹೇಳಿ. ಅಷ್ಟು ಹೇಳಿ ಬಾಯಿಗೆ ಬೀಗ ಹಾಕ್ಕೊಳ್ಳಿ.