ಕಾವೇರಿ ಚಿತ್ರಗಳ ಕೆಳ ಅಂಚು

ಗೋವಿಂದರಾಜನಗರ, ೧೯೭೬

ಸೇತುರಾಮ ಮೇಷ್ಟ್ರಿಗೆ ನಮಸ್ಕಾರ.

ಅಂಗಡಿಗೆ ಹೊಳೆ ನುಗ್ಗಿ ಕಟ್ಟು ಹಾಕಿದ ಪಟಗಳೆಲ್ಲ ತೇಲಿಹೋದಂತೆ ಕನಸು ಬಿತ್ತು.

ನೀವು ತೀರಿಕೊಂಡ ಮೇಲೆ ನಿಮ್ಮ ಮನೆಯವರು ಸತ್ಯವತಮ್ಮನವರು, ನೀವು ಕಾವೇರಿಯುದ್ದಕ್ಕೂ ಹೋಗಿ ಬರೆದ ಹನ್ನೊಂದು ನೀರುಬಣ್ಣದ ಚಿತ್ರಗಳನ್ನು ಕಟ್ಟು ಹಾಕಲು ನನಗೇ ಕೊಟ್ಟರು. ನಾನು ದಿನಾ ಕ್ಯಾಲೆಂಡರ್ ದೇವರಿಗೆ ಕಟ್ಟು ಹಾಕುವವನು. ಕೆಳಗಿನ ಜಾಹೀರಾತಿನ ಪಟ್ಟಿಯನ್ನು ಕತ್ತರಿಸಿ ಎಸೆದೇ ಕೈಗೆ ಅಭ್ಯಾಸ. ನಿಮ್ಮ ಚಿತ್ರಗಳ ಕೆಳ ಅಂಚನ್ನೂ ಹಾಗೇ ಕತ್ತರಿಸಿಬಿಟ್ಟೆ. ನೀವು ಪೆನ್ಸಿಲ್‌ನಲ್ಲಿ ಬರೆದಿದ್ದ ಊರ ಹೆಸರುಗಳೆಲ್ಲ ಕಸಕ್ಕೆ ಹೋದವು.

ಇವತ್ತು ಅಮ್ಮನವರು ಬಂದು, "ನಮ್ಮನೆಯವರು ನನ್ನ ತವರು ತಲಕಾಡು ಬರೆದಿದೀನಿ ಅಂತ ಕಾಗದ ಹಾಕಿದ್ರು. ನನ್ನ ಕಣ್ಣು ಮಂಜು, ಇದರಲ್ಲಿ ಯಾವುದಪ್ಪಾ?" ಎಂದರು.

ಹನ್ನೊಂದನ್ನೂ ಒಂದೊಂದಾಗಿ ಎತ್ತಿ ನೋಡಿದೆ. ಮರಳ ದಿಬ್ಬವಿದ್ದ ಒಂದನ್ನು ತೋರಿಸಿ, "ಇದೇ ಅಮ್ಮಾ" ಎಂದೆ.

"ಹಂಗಾದ್ರೆ ಇದೊಂದೇ ಗೋಡೆಗಿರಲಿ. ಮಿಕ್ಕಿದ್ದು ಪೆಟ್ಟಿಗೇಲಿಡ್ತೀನಿ" ಎಂದು ಸೆರಗಿನಲ್ಲಿ ಗಾಜು ಒರೆಸಿಕೊಂಡು ಹೋದರು.

"ಜೊತೆಗೆ ಬಾರಯ್ಯಾ" ಎಂದು ನೀವು ಎಷ್ಟು ಕರೆದಿರಿ! ನೀರಿನ ಭಯಕ್ಕೆ ಏನೇನೋ ನೆವ ಹೇಳಿದೆ. ಬಂದಿದ್ದರೆ ಆ ಊರುಗಳನ್ನೆಲ್ಲ ನಾನೂ ನೋಡಿರುತ್ತಿದ್ದೆ.

ದಿಬ್ಬದ ಹಿಂದೆ ಒಂದು ಗೋಪುರದ ತುದಿ ಕಾಣುತ್ತದೆ, ಎಡಕ್ಕೆ ಎರಡು ತಾಳೆಮರ. ಅದು ತಲಕಾಡೇ ತಾನೇ, ಮೇಷ್ಟ್ರೇ? ಇನ್ನೊಂದು ಸಲ ಸರಿಯಾಗಿ ನೋಡಿ ಹೇಳಿ.

ನಿಮ್ಮ ಮುನಿರಾಮಯ್ಯ