ನಮ್ಮ ಹೆಸರಿನ ಕೆಂಪು

ಟೊಲೆಡೊ, ೪ ನವೆಂಬರ್ ೧೯೮೬

ಪ್ರೀತಿಯ ರೆಮೆದಿಯೊಸ್ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಲೊಸಾನ್‌ನಲ್ಲಿ ಆಗಲೇ ಹಿಮವಂತೆ. ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೋಗುವಾಗ ಉಣ್ಣೆಯ ಕಾಲುಚೀಲ ಮರೆಯಬೇಡ. ಅಪ್ಪ ಗಟ್ಟಿಯಾಗಿದ್ದಾರೆ.

ನನ್ನ ಕೆಲಸ ನಿನಗೆ ಗೊತ್ತಲ್ಲ: ಪ್ರವಾಸಿಗರ ಅಂಗಡಿಯಲ್ಲಿ ಕೂತು, ಕೇಳಿದವರಿಗೆ ಅವರ ಮನೆತನದ ಹೆಸರು ಎಲ್ಲಿಂದ ಬಂತು, ಆ ಹೆಸರಿನ ದೊಡ್ಡವರು ಯಾರು ಎಂದು ಚಂದದ ಹಾಳೆಯಲ್ಲಿ ಬರೆದುಕೊಡುವುದು. ಮೂಲ ಸಪ್ಪೆಯಾಗಿದ್ದರೆ ಒಬ್ಬ ಸೇನಾಪತಿಯನ್ನು ಸೇರಿಸುತ್ತೇನೆ. ಅಪ್ಪನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ನಮ್ಮ ಹೆಸರಿಗೂ ಹಾಗೇ ಮಾಡಿದೆ. ವೈರಿಗಳ ರಕ್ತದಿಂದ ಕತ್ತಿ ಕೆಂಪಾಗಿದ್ದ ದೊನ್ ಲೋಪೆ ಎಂಬ ಸೇನಾಪತಿಗೆ ರಾಜನೇ ಬೆರ್ಮೆಹೊ ಎಂಬ ಬಿರುದು ಕೊಟ್ಟನೆಂದು ಬರೆದೆ. ಮೇಲೊಂದು ಗುರಾಣಿಯನ್ನೂ ಮನೆತನದ ಲಾಂಛನವೆಂದು ಬಿಡಿಸಿದೆ. ಅಪ್ಪ ಆ ಹಾಳೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದರು. ಈಗ ಅವರು ದೊಮಿನೊ ಆಡಲು ಹೋದರೆ ಮುದುಕ ಎವುಲೊಹಿಯೊ, "ಏಳ್ರಪ್ಪಾ, ಸೇನಾಪತಿಗಳು ಬಂದ್ರು! ಕತ್ತಿ ಹೊರಗಿಟ್ಟು ಬನ್ನಿ ಸ್ವಾಮಿ" ಅನ್ನುತ್ತಾನೆ. ಅಪ್ಪನಿಗೆ ಅದೂ ಖುಷಿಯೇ. ಮೊನ್ನೆ ಅಮ್ಮನ ಸಮಾಧಿ ತೊಳೆಯುವಾಗ, "ಆ ಗುರಾಣಿ ಇಲ್ಲಿ ಕೆತ್ಸೋಣ ಕಣೋ, ಕೊನೆಗೆ ನಾನೂ ಇಲ್ಲೇ ಮಲಗೋದು ತಾನೆ" ಎಂದರು.

ಅಕ್ಕಾ, ಬೆರ್ಮೆಹೊ ಅಂದರೆ ಕೆಂಪು ಎಂದು ಎಲ್ಲರಿಗೂ ಗೊತ್ತು. ಅದು ಕೂದಲಿನ ಕೆಂಪು; ಕತ್ತಿಯದಲ್ಲ. ನಿಜಕ್ಕೂ ಹೆಸರು ಮಾಡಿದವನು ಬೇಕಿದ್ದರೆ ಐನೂರು ವರ್ಷದ ಹಿಂದಿನ ಚಿತ್ರಕಾರ ಬಾರ್ತೊಲೊಮೆ ಬೆರ್ಮೆಹೊ ಇದ್ದ; ಅವನ ಕೈಯಲ್ಲಿ ಬರೀ ಕುಂಚವಿತ್ತೆಂದು ಬಿಟ್ಟೆ. ಊರ ಚರ್ಚಿನ ನಾಮಕರಣದ ಪುಸ್ತಕವನ್ನೂ ಹಾಳೆ ಬರೆಯುವ ಮೊದಲೇ ನೋಡಿದ್ದೆ. ಅಪ್ಪನ ಕಡೆಯ ಅಜ್ಜನ ಅಜ್ಜನ ಹೆಸರಿನ ಪಕ್ಕ ಪಾದ್ರಿ ಬರೆದಿದ್ದಾರೆ: ಈ ಮನೆಯ ಎಲ್ಲರಂತೆ ಕೆಂಪು ಕೂದಲಿನ ಮಗು.

ಅಪ್ಪ ಊಟದ ಹೊತ್ತಿಗೆ ನಿನ್ನ ಕೆಂಪು ತಲೆ ನೋಡಿ, "ನಮ್ಮ ಪೈಕಿ ಯಾರಿಗಿದೆ ಈ ಬಣ್ಣ? ನಿಮ್ಮಮ್ಮನ್ನೇ ಕೇಳು" ಅನ್ನುತ್ತಿದ್ದದ್ದು, ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದದ್ದು ಮರೆತಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ನೀನು ಕೂದಲಿಗೆ ಕಪ್ಪು ಹಚ್ಚಿಕೊಂಡು ರೈಲು ಹತ್ತಿದೆ. ಅಮ್ಮನ ಮೇಲಿನ ಮಾತನ್ನು ಅಳಿಸುವ ಒಂದು ಸಾಲು ನನ್ನ ಕೈಲಿತ್ತು. ಅಪ್ಪನ ಹುಟ್ಟುಹಬ್ಬ ಕೆಡದಿರಲೆಂದು ಅದರ ಮೇಲೆ ಕತ್ತಿ ಬರೆದೆ. ಫೋನಿನಲ್ಲಿ ನಿನ್ನ ದನಿ ಕೇಳುವ ಯೋಗ್ಯತೆಯೂ ನನಗಿಲ್ಲ, ಅದಕ್ಕೇ ಕಾಗದ.

ಅಮ್ಮನಿಗೆ ನಿನ್ನ ಪಾಲಿನ ಸೇವಂತಿಗೆಯನ್ನೂ ಇಟ್ಟಿದ್ದೇನೆ.

ನಿನ್ನ ತಮ್ಮ,
ಅನ್ಸೆಲ್ಮೊ

ಮರೆತೆ: ಇವತ್ತು ಬೆಳಿಗ್ಗೆ ಗೋಡೆಯ ಹಾಳೆ ಇಳಿಸಿ, ಪಾದ್ರಿಯ ಸಾಲನ್ನು ನಕಲು ಮಾಡಿ ಅಪ್ಪನಿಗೆ ಕೊಟ್ಟೆ. ಎರಡು ಸಲ ಓದಿದರು. ದೊಮಿನೊಗೆ ಹೋಗಲಿಲ್ಲ. ಈಗ ತಾನೆ ಕೇಳಿದರು: "ಅವಳು ಇನ್ನೂ ಕಪ್ಪು ಹಚ್ಕೋತಾಳೇನೋ?" ಏನು ಹೇಳಲಿ?