ಅವ್ವಾ ಅಂದರೆ ಮೂವರು ಎದ್ದು ನಿಲ್ಲುತ್ತಾರೆ

ಮಾಲ್ದೀವ್ಸ್
18-4-2025, ಶುಕ್ರವಾರ

ಪ್ರೀತಿಯ ಅಕ್ಕನಿಗೆ, ಕಡಲಾಚೆಯಿಂದ ನಿನ್ನ ತಂಗಿ ದಾನು ಮಾಡುವ ಶರಣಾರ್ಥಿ.

ಈ ಕಾಲದಲ್ಲಿ ಕಾಗದ ಯಾಕೆ ಬರೆದಳು ಇವಳು, ಫೋನಿಗೆ ಏನು ಬಡಿದಿತ್ತು ಅಂತ ಕವರು ಒಡೆಯುವಾಗಲೇ ನೀನು ಬೈದಿರುತ್ತೀ. ಫೋನಿಗೆ ಏನೂ ಆಗಿಲ್ಲ. ಹನ್ನೆರಡು ದಿನದಿಂದ ನೀನು ಮಾಡಿದ ಕರೆಗಳನ್ನೆಲ್ಲ ನೋಡಿದ್ದೇನೆ, ಎತ್ತಿಲ್ಲ. ಪರೀಕ್ಷೆ ಪೇಪರು ತಿದ್ದುತ್ತಿದ್ದೇನೆ ಅಂತ ಮೆಸೇಜು ಹಾಕಿದ್ದು ಹಸಿ ಸುಳ್ಳು. ಫೋನಿನಲ್ಲಿ ಮಾತಾಡಿದರೆ ನೀನು ಸ್ಪೀಕರು ಹಾಕುತ್ತೀ, ಪಕ್ಕದಲ್ಲಿ ನನ್ನ ಮಗಳು ಉಮಾ ಕೂತಿರುತ್ತಾಳೆ, ಅಮರಗುಂಡಪ್ಪ ಮಾವ ಅಂಗಡಿಯಿಂದ ಒಳಗೆ ಬಂದು "ಏನಂತಾಳ ನಮ್ಮ ಟೀಚರಮ್ಮ?" ಅನ್ನುತ್ತಾರೆ. ನಾನು ಹೇಳಬೇಕಾದದ್ದು ನಿನ್ನೊಬ್ಬಳಿಗೆ. ನನ್ನ ಕೋಣೆಯಲ್ಲೇ ಇರುವ ಸುಭಾನಬಿ ಟೀಚರ್ ಸೋಮವಾರ ತಮ್ಮೂರು ಆದೋನಿಗೆ ಹೊರಟಿದ್ದಾರೆ, ಅಲ್ಲಿಂದ ಪೋಸ್ಟು ಮಾಡುತ್ತಾರೆ. ಕವರಿನ ಮೇಲೆ "ಶಿವಬಸಮ್ಮ, ಅಮರಗುಂಡಪ್ಪನವರ ಕಿರಾಣಿ ಅಂಗಡಿ, ಮಸ್ಕಿ" ಅಂತ ಬರೆದು ಕೆಳಗೆ "ಅಕ್ಕನೇ ಒಡೆಯಬೇಕು" ಅಂತ ಗೀಟೆಳೆದಿದ್ದೇನೆ. ಉಮಾಳನ್ನು ಆಡಲು ಕಳಿಸಿ ಓದು.

ಇನ್ನು ಆರು ವಾರಕ್ಕೆ ಇಲ್ಲಿ ನನ್ನ ವರ್ಷ ತುಂಬುತ್ತದೆ. ಈ ದ್ವೀಪ ಎಷ್ಟು ಸಣ್ಣದು ಅಂದರೆ ಮಸ್ಕಿ ಬಸ್‌ಸ್ಟ್ಯಾಂಡಿನಿಂದ ಬೆಟ್ಟದ ಬುಡಕ್ಕೆ ಹೋಗಿ ಬರುವಷ್ಟರಲ್ಲಿ ಇದನ್ನು ಒಂದು ಸುತ್ತು ಹಾಕಬಹುದು. ತುರ್ವಿಹಾಳದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಾಗ ಕಾಲುವೆ ನೀರಿಗಾಗಿ ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿದದ್ದನ್ನು ನೋಡಿದವಳು ನಾನು. ಇಲ್ಲಿ ಇಷ್ಟೊಂದು ನೀರು, ಯಾರೂ ನಂದು ಅನ್ನುವುದಿಲ್ಲ. ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ಚಹದ ಜೊತೆ ಕೊಡುವ ಕರಿದ ತಿಂಡಿಯ ಹೊಟ್ಟೆಯೊಳಗೂ ಮೀನು. ನಾನು ಅನ್ನ ಬೇಳೆಯಲ್ಲಿ ವರ್ಷ ಕಳೆದೆ. ನೀನು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ಎರಡು ತಿಂಗಳು ಬಂತು, ಜೊತೆಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ಮೂರು ತಿಂಗಳು. ವಿಭೂತಿ ಗಟ್ಟಿ ಮಾತ್ರ ಇನ್ನೂ ಇದೆ. ಬರುವಾಗ ವಿಮಾನ ನಿಲ್ದಾಣದ ಸಾಹೇಬ ಅದನ್ನು ಎತ್ತಿ ಹಿಡಿದು ಇದೇನು ಅಂತ ಕೇಳಿದ್ದ. ಪೂಜೆಯ ಸಾಮಾನು ಅಂದರೆ ಕಿತ್ತುಕೊಳ್ಳುತ್ತಾರೆ ಅಂತ ಸೀಮೆಸುಣ್ಣ ಅಂದೆ. ಗಣಿತದ ಟೀಚರ್ ಅಂತ ಕಾಗದದಲ್ಲಿ ಇತ್ತಲ್ಲ, ನಂಬಿದ. ಸುಳ್ಳು ನನಗೆ ಎಷ್ಟು ಸಲೀಸು ನೋಡು.

ಮಕ್ಕಳು ಒಳ್ಳೆಯವರು. ಮೊದಲ ವಾರ ಒಂದು ಫಜೀತಿ ಆಯಿತು, ನಿನಗೆ ಹೇಳಿರಲಿಲ್ಲ. ನಮ್ಮ ಕಡೆ ಸಣ್ಣ ಹುಡುಗಿಯರನ್ನೂ ಅವ್ವ ಅಂತಲೇ ಕರೆಯುತ್ತೇವಲ್ಲ, ಬಾರವ್ವ, ಕೂಡವ್ವ, ಹಂಗಲ್ಲವ್ವಾ ಅಂತ. ಐದನೇ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಭಾಗಾಕಾರ ತಪ್ಪು ಮಾಡಿದಳು. ಅದುವರೆಗೆ ಶಿಸ್ತಾಗಿ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದವಳ ಬಾಯಿಂದ ಫಟ್ಟನೆ "ಅವ್ವಾ, ಸರಿಯಾಗಿ ನೋಡು!" ಅಂತ ಬಂತು. ಹಿಂದಿನ ಬೆಂಚುಗಳಿಂದ ಮೂವರು ಹುಡುಗಿಯರು ಎದ್ದು ನಿಂತರು. ಮೂವರ ಹೆಸರೂ ಹವ್ವಾ! ಇಲ್ಲಿ ಅದು ಮನೆಮನೆಯ ಹೆಸರು. ವರ್ಷವಾದರೂ ನನ್ನ ನಾಲಿಗೆ ತಿದ್ದಿಕೊಳ್ಳಲಿಲ್ಲ, ಯಾರಿಗೆ ಅವ್ವಾ ಅಂದರೂ ಆ ಮೂವರು ಎದ್ದು ನಿಲ್ಲುತ್ತಾರೆ, ತರಗತಿಯೆಲ್ಲ ನಗುತ್ತದೆ. ಹವ್ವಾ ಅಂದರೆ ಲೋಕದ ಮೊದಲ ತಾಯಿಯ ಹೆಸರು ಅಂತ ಸುಭಾನಬಿ ಹೇಳಿದರು. ಹಾಗಾದರೆ ನಾನು ಕರೆದದ್ದು ಅಷ್ಟೇನೂ ತಪ್ಪಲ್ಲ.

ನಗಿಸುತ್ತಾ ನಗಿಸುತ್ತಾ ವಿಷಯ ತಪ್ಪಿಸುವುದು ನನ್ನ ಹಳೆಯ ಚಾಳಿ, ನಿನಗೆ ಗೊತ್ತಿದ್ದದ್ದೇ. ಈಗ ವಿಷಯಕ್ಕೆ ಬರುತ್ತೇನೆ.

ದೀಪಾವಳಿ ಹೊತ್ತಿನಿಂದಲೇ ಫೋನಿನಲ್ಲಿ ನಿಮ್ಮ ಮನೆಯ ಒಳಗಿಂದ "ಅವ್ವಾ" ಅನ್ನುವ ಕೂಗು ಕೇಳುತ್ತಿತ್ತು. ನೀನು ಉಮಾಳನ್ನು ಕರೆಯುತ್ತಿದ್ದೀ ಅಂತ ನಾನು ಅಂದುಕೊಂಡೆ. ದನಿ ಸಣ್ಣದಾಗಿತ್ತು, ನಿನ್ನದಲ್ಲ ಅಂತ ಕಿವಿ ಹೇಳುತ್ತಿತ್ತು, ಆದರೂ ಹಾಗೇ ಅಂದುಕೊಂಡೆ. ಅವಳು ಹುಟ್ಟಿದಾಗಿನಿಂದ ನೀನು ಅವಳಿಗೆ ದೊಡ್ಡವ್ವ. ಅವಳಪ್ಪ ಬಸವಲಿಂಗ ತೀರಿಕೊಂಡು ನಾನು ಅವಳನ್ನು ಎತ್ತಿಕೊಂಡು ನಿನ್ನ ಮನೆಗೆ ಬಂದ ಮೇಲೂ ದೊಡ್ಡವ್ವನೇ. ಆ "ದೊಡ್ಡ" ಯಾವಾಗ ಉದುರಿತೋ ನನಗೆ ತಿಳಿಯಲಿಲ್ಲ, ತಿಳಿಯಲು ಮನಸ್ಸೂ ಇರಲಿಲ್ಲ.

ಹನ್ನೆರಡು ದಿನದ ಹಿಂದೆ, ಆ ಭಾನುವಾರ, ವಿಡಿಯೊ ಕಾಲಿನಲ್ಲಿ ನೀನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು "ಅವ್ವಾ, ಸಾಕು, ಕಣ್ಣಾಗ ಇಳಿಯಾಕತ್ತೈತಿ" ಅಂದಳು. ನಾನು ಇಲ್ಲಿಂದ "ಏನವ್ವಾ?" ಅಂದೆ. ಅವಳು ಒಂದು ಕಣ್ಣು ತೆರೆದು ನನ್ನ ಕಡೆ ನೋಡಿ "ನಿನಗಲ್ಲ, ಅವ್ವಗ ಅಂದೆ" ಅಂದಳು. ಅವಳ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಪ್ಪು ಮನೆಯ ಬಾಗಿಲು ತಟ್ಟಿದವರಿಗೆ ಪಕ್ಕದ ಮನೆ ತೋರಿಸುವ ಹಾಗೆ ಹೇಳಿದಳು.

ಆಮೇಲೆ ಅವಳನ್ನು ಹೊರಗೆ ಕಳಿಸು ಅಂತ ಹೇಳಿ ನಾನು ನಿನಗೆ ಅಂದದ್ದನ್ನು ಇಲ್ಲಿ ಮತ್ತೆ ಬರೆಯುತ್ತೇನೆ. ಬರೆಯದಿದ್ದರೆ ಕ್ಷಮೆ ಕೇಳಿದ ಹಾಗೂ ಆಗುವುದಿಲ್ಲ. "ನೀನೇ ಕಲಿಸೀ. ನಿನ್ನ ಬರಿದು ಮನಿ ತುಂಬಿಸಿಕೊಳ್ಳಾಕ ನನ್ನ ಕೂಸೇ ಬೇಕಾತೇನು?" ಅಂದೆ. ಹದಿನಾರು ವರ್ಷ ನೀನು ಹರಕೆ ಹೊತ್ತದ್ದು, ಲಿಂಗಸುಗೂರು, ರಾಯಚೂರು ಅಂತ ಡಾಕ್ಟರುಗಳ ಬಾಗಿಲು ತಿರುಗಿದ್ದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದವಳೇ ಗಾಯ ಇರುವ ಜಾಗ ನೋಡಿ ಹೊಡೆದೆ. ನೀನು ಬೈಯಲಿಲ್ಲ. "ನಾ ಕಲಿಸಿಲ್ಲಬೇ. ಅಪ್ಪನ ಆಣಿ, ನಾ ಕಲಿಸಿಲ್ಲ" ಅಂತ ಎರಡು ಸಲ ಅಂದೆ. ನಾನು ಫೋನು ಕಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮಕ್ಕಳಿಗೆ ಕಾಪಿ ಬರೆಸಿದವಳು ನಾನೇ.

ಅದಕ್ಕೆ ಹಿಂದಿನ ವಾರ ನೀನು "ಇನ್ನೊಂದು ವರ್ಸ ಇದ್ದು ಬಾರಬೇ, ಕೂಸಿನ ಚಿಂತಿ ಯಾಕ, ನಾ ಅದೀನಲ್ಲ" ಅಂದಿದ್ದೆ. ನನ್ನ ಅನುಕೂಲಕ್ಕೆ ಅಂದ ಮಾತು. ನಾನು ಎರಡಕ್ಕೆ ಎರಡು ಕೂಡಿಸಿ ಐದು ಮಾಡಿದೆ, ಓಹೋ, ಇವಳಿಗೆ ನಾನು ಬರುವುದೇ ಬೇಡವಾಗಿದೆ ಅಂತ. ಇಲ್ಲಿನ ಹೆಡ್‌ಮಿಸ್ ಮುಂದಿನ ವರ್ಷದ ಫಾರಂ ಕೊಟ್ಟಿದ್ದರು, ಈ ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಸಿಟ್ಟಿನಲ್ಲಿ ಸಹಿ ಹಾಕಿ ಬ್ಯಾಗಿನಲ್ಲಿಟ್ಟುಕೊಂಡೆ. ಇಟ್ಟುಕೊಳ್ಳಲಿ ಮಗಳನ್ನು, ನಾನು ಈ ನೀರಿನ ನಡುವೆಯೇ ಸಾಯುತ್ತೇನೆ ಅಂತ ಸುಭಾನಬಿಯವರ ಮುಂದೆ ಅತ್ತೆ. ಅವರು ಮೀನು ಹುರಿಯುವುದನ್ನು ನಿಲ್ಲಿಸಲೇ ಇಲ್ಲ. "ಆಕಿ ನಿನ ಕೂಸನ್ನ ಸಾಕ್ಯಾಳ, ಕದ್ದಿಲ್ಲ. ಜರಾ ಹೋಶ್‌ನ್ಯಾಗ ಮಾತಾಡು" ಅಂದರು. ಎರಡು ದಿನ ಅವರ ಜೊತೆಯೂ ಮಾತು ಬಿಟ್ಟೆ.

ಹೋದ ಶುಕ್ರವಾರ ಜೆಟ್ಟಿಯ ಹತ್ತಿರ ಕೂತಿದ್ದೆ. ಜೆಟ್ಟಿ ಅಂದರೆ ದೋಣಿ ಬಂದು ನಿಲ್ಲುವ ಕಟ್ಟೆ, ಇಲ್ಲಿನ ಬಸ್‌ಸ್ಟ್ಯಾಂಡು. ನನ್ನ ಮೂವರು ಹವ್ವಾಗಳಲ್ಲಿ ಗಿಡ್ಡ ಹವ್ವಾ ಅಜ್ಜಿಯ ಜೊತೆ ಬಂದಿದ್ದಳು. ಅವಳ ತಾಯಿ ದೂರದ ರೆಸಾರ್ಟಿನಲ್ಲಿ ಕೆಲಸಕ್ಕಿದ್ದಾಳೆ, ತಿಂಗಳಿಗೊಮ್ಮೆ ಬರುತ್ತಾಳೆ. ದೋಣಿಯಿಂದ ತಾಯಿ ಇಳಿದಳು. ಹುಡುಗಿ ಓಡಿ ಹೋಗುತ್ತಾಳೆ ಅಂತ ನಾನು ಕಾದರೆ ಅವಳು ಅಜ್ಜಿಯ ಹಿಂದೆ ಅವಿತುಕೊಂಡಳು. ನಾನಾಗಿದ್ದರೆ ಕೈ ಹಿಡಿದು ಎಳೆಯುತ್ತಿದ್ದೆ. ಆ ತಾಯಿ ಎಳೆಯಲಿಲ್ಲ. ಮೊದಲು ಅಜ್ಜಿಯ ಯೋಗಕ್ಷೇಮ ಕೇಳಿದಳು, ಆಮೇಲೆ ಕಟ್ಟೆಯ ಮೇಲೆ ಕೂತು ಚೀಲ ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಹುಡುಗಿ ತಾನೇ ಹೋಗಿ ಪಕ್ಕದಲ್ಲಿ ಕೂತಳು.

ನನ್ನ ಬಾಯಿ ಸುಮ್ಮನಿರುತ್ತದೆಯೇ? ಮಗಳು ಹೀಗೆ ಅವಿತುಕೊಂಡರೆ ನೋವಾಗುವುದಿಲ್ಲವೇ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಪ್ರತಿ ತಿಂಗಳೂ ಆಗುತ್ತದೆ ಅಂದಳು. ಆದರೆ ಅವಿತುಕೊಳ್ಳಲು ಅವಳಿಗೆ ಒಂದು ಮರೆ ಇದೆಯಲ್ಲ, ಅದು ಇಲ್ಲದಿದ್ದರೆ ನಾನು ದೋಣಿ ಹತ್ತುವುದೇ ಸಾಧ್ಯವಿರಲಿಲ್ಲ ಟೀಚರ್, ಅಂದಳು. ಅಷ್ಟು ಹೇಳಿ ನನಗೊಂದು ಬಿಸ್ಕತ್ತು ಕೊಟ್ಟಳು.

ಆ ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡೇ ಕೂತೆ. ಡಿಸೆಂಬರಿನಲ್ಲಿ ಉಮಾಳಿಗೆ ಜ್ವರ ನೆತ್ತಿಗೇರಿ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟಿದ್ದು ನನಗೆ ಗೊತ್ತಾದದ್ದು ಸಂಕ್ರಾಂತಿ ಮುಗಿದ ಮೇಲೆ, ಅದೂ ಮಾವ ಬಾಯಿ ತಪ್ಪಿ ಆಡಿದ್ದರಿಂದ. "ನಿಮ್ಮಕ್ಕ ಎರಡು ದಿನ ಕುಂತ ಜಾಗ ಬಿಟ್ಟು ಏಳಲಿಲ್ಲರೀ ಟೀಚರಮ್ಮ" ಅಂದಿದ್ದರು. ನನಗೆ ಹೇಳದೆ ಮುಚ್ಚಿಟ್ಟೆ ಅಂತ ಆಗಲೂ ನಾನು ನಿನ್ನ ಮೇಲೆ ಹಾರಾಡಿದ್ದೆ. ಮರೆ ಅಂದರೆ ಇದೇ ಅಲ್ಲವೇ? ಆ ಎರಡು ದಿನ ಅವಳು ಕಣ್ಣು ತೆರೆದಾಗಲೆಲ್ಲ ಎದುರಿಗೆ ಇದ್ದವಳನ್ನು ಅವ್ವಾ ಅನ್ನದೆ ಇನ್ನೇನು ಅನ್ನಬೇಕಿತ್ತು?

ನಿನ್ನೆ ಹೆಡ್‌ಮಿಸ್ ಹತ್ತಿರ ಹೋಗಿ ಸಹಿಯ ಮೇಲೆ ಅಡ್ಡ ಗೀಟು ಎಳೆದು ಫಾರಂ ವಾಪಸು ಕೊಟ್ಟೆ. ಮೇ ಕೊನೆಯ ವಾರ ಬರುತ್ತೇನೆ. ನಾನು ಮೊದಲೇ ಮಾತಾಡಿಟ್ಟಿದ್ದ ಸಿಂಧನೂರಿನ ಹೈಸ್ಕೂಲಿನವರು ಜೂನ್ ಎರಡಕ್ಕೆ ಸೇರಿಕೊಳ್ಳಿ ಅಂದಿದ್ದಾರೆ. ಉಮಾಳನ್ನು ಕರೆದುಕೊಂಡು ಸಿಂಧನೂರಿನಲ್ಲೇ ಮನೆ ಮಾಡಬೇಕು ಅಂತ ಮೊದಲು ಲೆಕ್ಕ ಹಾಕಿದ್ದೆ, ನಿನಗೆ ಹೇಳಿರಲಿಲ್ಲ. ಅದು ಬೇಡ. ನಿಮ್ಮ ಓಣಿಯಲ್ಲೇ ನನಗೊಂದು ಮನೆ ನೋಡು, ಎರಡು ಕೋಣೆ ಇದ್ದರೆ ಸಾಕು. ಲಿಂಗಸುಗೂರಿನಿಂದ ಬರುವ ಬಸ್ಸು ಹಿಡಿದು ದಿನಾ ಸಿಂಧನೂರಿಗೆ ಹೋಗಿ ಬರುತ್ತೇನೆ. ಉಮಾ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಅನ್ನುವುದು ಅವಳ ಇಷ್ಟ. ಯಾರನ್ನು ಏನು ಕರೆಯಬೇಕು ಅನ್ನುವುದೂ.

ಹೀಗೆ ಬರೆದೆ ಅಂತ ನಾನು ದೊಡ್ಡ ಶರಣೆ ಆಗಿಬಿಟ್ಟೆ ಅಂದುಕೊಳ್ಳಬೇಡ. ನನಗೆ ಭಯ ಇದೆ. ಬಸ್ಸು ಇಳಿದಾಗ ಅವಳು ನಿನ್ನ ಸೆರಗಿನ ಹಿಂದೆ ನಿಂತರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಒಂದೆರಡು ದಿನ ಪಾತ್ರೆ ಕುಕ್ಕುತ್ತೇನೆ, ಚಹಕ್ಕೆ ಸಕ್ಕರೆ ಕಡಿಮೆ ಅಂತ ನಿನ್ನ ಮೇಲೆ ಜಗಳ ತೆಗೆಯುತ್ತೇನೆ. ಸಹಿಸಿಕೋ. ನೀನು ಸಹಿಸಿಕೊಳ್ಳುತ್ತೀ ಅಂತಲೇ ನಾನು ಹೀಗಾದದ್ದು.

ಉಮಾಳ ಜೊತೆ ನಾಳೆಯಿಂದಲೇ ಮಾವನ ಫೋನಿನಲ್ಲಿ ಮಾತಾಡುತ್ತೇನೆ. ನಿನ್ನ ಜೊತೆ ಮಾತ್ರ ಈ ಕಾಗದ ನೀನು ಓದಿ ಮುಗಿಸಿದ ಮೇಲೆ. ನೀನೇ ಫೋನು ಮಾಡು, ಮೊದಲ ರಿಂಗಿಗೇ ಎತ್ತುತ್ತೇನೆ. ತಪ್ಪಾಯಿತು ಅಕ್ಕ. ಮಾವನಿಗೆ ಶರಣು ಹೇಳು, ಉಮಾಳಿಗೆ ನನ್ನ ಮುತ್ತು.

ನಿನ್ನ ಬಾಯಿಬಡುಕಿ ತಂಗಿ,
ದಾನೇಶ್ವರಿ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕವರಿಗೆ ಅಂಟು ಹಚ್ಚುವ ಮುಂಚೆ ಬರೆಯುತ್ತಿದ್ದೇನೆ. ಹೋದ ವರ್ಷ ನಾನು ಹೊರಟ ದಿನ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ನೀನು ಬಾಳೆಹಣ್ಣು ತರಲು ಹೋಗಿದ್ದೆಯಲ್ಲ, ಆಗ ನಾನೇ ಉಮಾಳ ಕಿವಿಯಲ್ಲಿ ಹೇಳಿದ್ದೆ: "ದೊಡ್ಡವ್ವಗ ಅವ್ವಾ ಅಂತ ಕರಿ. ಹಂಗ ಕರದರ ಆಕಿ ನಿನ್ನ ಕೈ ಬಿಡೂದಿಲ್ಲ." ಒಂದು ವರ್ಷ ಬೇರೆಯವರ ಮಗುವನ್ನು ಸಾಕಿ ನಿನಗೆ ಬೇಸರ ಬಂದರೆ ಅನ್ನುವ ಭಯ ನನಗೆ. ನೀನು ಅಪ್ಪನ ಆಣೆ ಹಾಕಿದಾಗ ಕಲಿಸಿದವರು ಯಾರು ಅಂತ ನನಗೆ ಗೊತ್ತಿತ್ತು, ಆದರೂ ಫೋನು ಕಡಿದೆ. ಇದನ್ನು ಓದಿ, ಹಾಗಾದರೆ ಮಗು ಕರೆದದ್ದು ಬರೀ ಹೇಳಿಕೊಟ್ಟ ಮಾತು ಅಂತ ನೀನು ಅಳಬೇಡ. ನಾನು ಹೇಳಿದ್ದು ಒಂದೇ ಸಲ ಅಕ್ಕ. ಚಪ್ಪಲಿ ಹೊರಗೆ ಬಿಡು ಅಂತ ದಿನಾ ನಾಲ್ಕು ಸಲ ಹೇಳಿದರೂ ಕೇಳದ ಹುಡುಗಿ ಅದು.